ತಕ್ಕಡಿ ಹೇಳಿದ ತೂಕ

ಮಾಲೀಕರ ತೂಕ ಎಷ್ಟೆಂದು ಮಾಲೀಕರನ್ನೇ ಕೇಳಿಬಿಟ್ಟಿದ್ದರೆ, ಅನಂತರಾಜುವಿನ ಆ ಶನಿವಾರ ಉಳಿದೆಲ್ಲ ಶನಿವಾರಗಳಂತೆ ಕಳೆದುಹೋಗುತ್ತಿತ್ತು. ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಅನಂತರಾಜು ವಸಂತನರಸಾಪುರದ ಒಂದು ನಟ್ಟು ಬೋಲ್ಟಿನ ಕಾರ್ಖಾನೆಯಲ್ಲಿ ಖರೀದಿ ವಿಭಾಗದ ಗುಮಾಸ್ತ. ಕಾರ್ಖಾನೆಯ ಮಾಲೀಕ ಲಕ್ಷ್ಮೀಕಾಂತ್ ಕುಣಿಗಲ್ ಆಚೆ ಒಂದು ಕೆರೆಯ ದಡದಲ್ಲಿ ರೆಸಾರ್ಟ್ ಕಟ್ಟಿಸಿ, ಮೋಟಾರು ದೋಣಿಯೊಂದನ್ನು ತರಿಸಿದ್ದರು. ದೋಣಿ ಓಡುವಾಗ ಹಿಂದೆ ಅಲೆ ಏಳುತ್ತದಲ್ಲ, ಆ ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಂತು ತೇಲುವ ಆಟಕ್ಕೆ ವೇಕ್‌ಸರ್ಫಿಂಗ್ ಎನ್ನುತ್ತಾರೆ. ಮೊಬೈಲಿನಲ್ಲಿ ಅದನ್ನು ನೋಡಿದಂದಿನಿಂದ ಲಕ್ಷ್ಮೀಕಾಂತರಿಗೆ ನೆಲದ ಮೇಲೆ ನಿಲ್ಲುವುದೇ ಬೇಸರವಾಗಿತ್ತು.

"ನೀರಿಗಿಳಿದು ಕಲಿಯೋರು ಯಾರು, ಕೂತ್ಕೊಂಡು ಹಲಗೆ ಆರಿಸೋರು ಯಾರು?" ಎಂದು ಅವರು ಆಫೀಸಿನಲ್ಲಿ ಕೇಳಿದಾಗ, ಅನಂತರಾಜು ಎರಡನೆಯದಕ್ಕೆ ಎರಡೂ ಕೈ ಎತ್ತಿದ್ದ. ಚಿಕ್ಕಂದಿನಲ್ಲಿ ಊರ್ಡಿಗೆರೆಯಲ್ಲಿ ಎಮ್ಮೆಯ ಬೆನ್ನಿನಿಂದ ಕೆರೆಗೆ ಜಾರಿದವನು ಅವನು. ಇಂದಿಗೂ ತಲೆಗೆ ನೀರು ಹುಯ್ದುಕೊಳ್ಳುವಾಗ ಬಚ್ಚಲ ಬಾಗಿಲನ್ನು ಒಂದು ಗೇಣು ತೆರೆದೇ ಇಡುತ್ತಿದ್ದ. ಏನಾದರಾಗಲಿ, ಕೆರೆಗೆ ಮಾತ್ರ ಇಳಿಯುವಂತಾಗಬಾರದು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಆ ಶನಿವಾರ ಬೆಳಗ್ಗೆ, ಹಲಗೆ ಮಾರುವ ಬೆಂಗಳೂರಿನ ಅಂಗಡಿಯಿಂದ ಮಾನಸಾ ಎಂಬಾಕೆ ಫೋನು ಮಾಡಿದಳು.

"ಸರ್, ಸಂಜೆ ನಾನೇ ವ್ಯಾನಲ್ಲಿ ಕುಣಿಗಲ್‌ಗೆ ಬೋರ್ಡ್ ತರ್ತಿದೀನಿ. ರೈಡರ್ ತೂಕ ಎಷ್ಟು?"

"ತೂಕ ಯಾಕೆ ಮೇಡಂ?"

"ತೂಕ ನೋಡಿಯೇ ಬೋರ್ಡ್ ಆರಿಸೋದು ಸರ್. ಜಾಸ್ತಿ ದೊಡ್ಡದಾದ್ರೆ ತಿರುಗಿಸೋಕಾಗಲ್ಲ. ಚಿಕ್ಕದಾದ್ರೆ ಆಳು ಸಮೇತ ಮುಳುಗುತ್ತೆ. ಆಮೇಲೆ, ಅವರು ಯಾವ ಕಾಲು ಮುಂದಿಟ್ಟು ನಿಲ್ತಾರೆ ಅಂತಾನೂ ಬೇಕು. ಗೊತ್ತಿಲ್ದಿದ್ರೆ ಹಿಂದಿನಿಂದ ಮೆಲ್ಲಗೆ ತಳ್ಳಿ ನೋಡಿ, ತಾನಾಗೇ ಒಂದು ಕಾಲು ಮುಂದೆ ಬರುತ್ತೆ."

ಅನಂತರಾಜು ಫೋನಿಟ್ಟು ಬೆವರು ಒರೆಸಿಕೊಂಡ. ಲಕ್ಷ್ಮೀಕಾಂತರು ಎರಡು ಬಾಗಿಲ ಬೀರುವಿನಂಥ ಆಸಾಮಿ. ಡಾಕ್ಟರು ಅವರಿಗೆ ಅನ್ನ ಬಿಡಿಸಿದ ಮೇಲೆ ತೂಕ ಎಂಬ ಶಬ್ದವೇ ಆಫೀಸಿನಲ್ಲಿ ನಿಷಿದ್ಧವಾಗಿತ್ತು. "ಸ್ವಲ್ಪ ಇಳ್ದಂಗಿದೀರ ಸಾರ್" ಎಂದು ಪ್ರೀತಿಯಿಂದಲೇ ಹೇಳಿದ್ದ ಹಗಲು ಪಾಳಿಯ ಯಲ್ಲಯ್ಯ ಈಗ ರಾತ್ರಿ ಪಾಳಿಯಲ್ಲಿದ್ದ.

"ತಳ್ಳದು ಸುಲಭ ಕಣ್ರೀ" ಎಂದಳು ಲೆಕ್ಕಪತ್ರದ ಗಂಗಾಂಬಿಕೆ. ಬೇರೆಯವರ ಕಷ್ಟಕ್ಕೆ ಉಪಾಯ ಹೇಳುವುದರಲ್ಲಿ ಅವಳಿಗೆ ಒಂದು ಗಳಿಗೆಯೂ ಬೇಕಿರಲಿಲ್ಲ. "ಫೈಲು ಎದೆಗವಚಿಕೊಂಡು ಓಡ್ಬನ್ನಿ, ಡಿಕ್ಕಿ ಹೊಡೀರಿ, ಸಾರಿ ಅನ್ನಿ."

ಅನಂತರಾಜು ಹಾಗೆಯೇ ಮಾಡಿದ. ಬಾಗಿಲ ಹತ್ತಿರ ಮಾಲೀಕರ ಬೆನ್ನಿಗೆ ಫೈಲು ತಾಗಿಸಿದ. ಬೆನ್ನು ಅಲುಗಲಿಲ್ಲ. ಗೋಡೆಗೆ ಬಿದ್ದ ಚೆಂಡಿನಂತೆ ಅನಂತರಾಜುವೇ ಪುಟಿದು ಬಂದು ಗಂಗಾಂಬಿಕೆಯ ಮೇಜಿನ ಅಡಿಯಲ್ಲಿ ಕೂತ.

"ಏನ್ರೀ ಅದು, ಗೂಳಿ ನುಗ್ಗಿದಂಗೆ?" ಎಂದು ಲಕ್ಷ್ಮೀಕಾಂತರು ತಿರುಗಿ ನೋಡಿ, ಹೊಸಲು ದಾಟಿ ಹೋದರು. ದಾಟುವಾಗ ಅಭ್ಯಾಸದಂತೆ ಬಲಗಾಲನ್ನೇ ಮೊದಲು ಇಟ್ಟರು.

"ಬಲಗಾಲು!" ಎಂದ ಅನಂತರಾಜು ಮೇಜಿನ ಅಡಿಯಿಂದಲೇ.

"ತೂಕಕ್ಕೂ ದಾರಿ ಐತೆ" ಎಂದಳು ಗಂಗಾಂಬಿಕೆ, ಅವನನ್ನು ಎತ್ತುತ್ತ. "ಹೋದ ತಿಂಗ್ಳು ಗುಬ್ಬಿ ಹತ್ರ ಅವರ ಮನೆದೇವರ ಗುಡೀಲಿ ಕೊಬ್ಬರಿ ತುಲಾಭಾರ ಮಾಡಿಸ್ಲಿಲ್ವಾ? ನಮಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದ್ರಲ್ರೀ. ಹೋಗಿ ಪೂಜಾರಪ್ಪನ್ನ ಕೇಳಿ."

ಹೌದಲ್ಲ! ಮಾಲೀಕರಿಗೆ ಕಿಡ್ನಿಯಲ್ಲಿ ಕಲ್ಲಾಗಿದ್ದಾಗ, ಅವರ ತಾಯಿ ರಂಗಲಕ್ಷ್ಮಮ್ಮ ಮಗನ ತೂಕದಷ್ಟು ಕೊಬ್ಬರಿ ಕೊಡುವುದಾಗಿ ಹರಕೆ ಹೊತ್ತಿದ್ದರು. ಮಂಡಿನೋವೆಂದು ಆಕೆ ಹೋಗಿರಲಿಲ್ಲ, ಮಗ ಹೋಗಿ ತೀರಿಸಿ ಬಂದಿದ್ದರು. ಮಾಲೀಕರನ್ನು ಕೇಳುವ ಬದಲು ದೇವರನ್ನು ಕೇಳುವುದು ಅನಂತರಾಜುವಿಗೆ ಎಷ್ಟೋ ಸುಲಭವಾಗಿ ಕಂಡಿತು.

ಆಫೀಸಿನ ಜೀಪು ಓಡಿಸುವವನು ಜುಂಜಪ್ಪ. ಅನಂತರಾಜುವಿನಷ್ಟೇ ಬಡಕಲು ಮನುಷ್ಯ, ಮಾತು ಹೆಚ್ಚು. ಅಂದು ಮಾತ್ರ ಗುಬ್ಬಿಗೆ ಯಾಕೆಂದು ತಿಳಿದದ್ದೇ ಅವನ ಮಾತು ತಡವರಿಸಿತು.

"ಗುಡಿಗ್ಯಾಕೆ ಸಾ? ಅಂದಾಜಲ್ಲಿ ಒಂದ್ ನೂರು ಅಂತ ಹೇಳ್ಬುಡಿ."

"ಅಂದಾಜಲ್ಲಿ ಹೇಳಿ ಅವರು ಮುಳುಗಿದ್ರೆ?"

"ಹಂಗಾದ್ರೆ ನೂರಿಪ್ಪತ್ತು ಅನ್ನಿ."

"ಸುಮ್ನೆ ಓಡಿಸು ಜುಂಜಪ್ಪ. ನಾನು ವಿಚಾರಿಸದೆ ಒಂದು ಬೋಲ್ಟೂ ಕೊಂಡವನಲ್ಲ."

ಜುಂಜಪ್ಪ ಗುಡಿಯ ಮುಂದೆ ಜೀಪು ನಿಲ್ಲಿಸಿದನೇ ಹೊರತು ಇಳಿಯಲಿಲ್ಲ. ಪೂಜಾರಿ ಪುಟ್ಟರಂಗಯ್ಯನಿಗೆ ಎರಡೂ ಕಣ್ಣಿಗೆ ಪೊರೆ. ಅನಂತರಾಜುವಿನ ಮುಖವನ್ನು ಕೈಯಿಂದ ಸವರಿ ನೋಡುವಷ್ಟು ಹತ್ತಿರ ಬಂದು, ವಿಷಯ ಕೇಳಿ ಕೈಮುಗಿದ.

"ಅದ್ನೇನ್ ಕೇಳ್ತೀರಿ ಬುದ್ಧಿ. ಧಣಿಗಳು ತಲೆ ತುಂಬ ಶಲ್ಯ ಹೊದ್ಕಂಡು, ಪಿಟ್ಟನ್ನದೆ ತಕ್ಕಡೀಲಿ ಕೂತ್ರು. ನಾಕು ಚೀಲ ಬೇಕಾಯ್ತದೆ ಅಂದ್ಕಂಡಿದ್ದೆ. ಎರಡು ಚೀಲ ಹಾಕಿ ಇನ್ನೊಂದು ಬೊಗಸೆ ಹಾಕದ್ರೊಳಗೇ ಮುಳ್ಳು ಸಮ ನಿಂತ್ಬುಡ್ತು. ಐವತ್ತೆಂಟು ಕೆಜಿ!"

"ಐವತ್ತೆಂಟೇ? ಅದು ನನ್ನ ತೂಕ ಅಲ್ವಾ!"

"ದೇವ್ರ ಮುಂದೆ ಕೂತ್ರೆ ಮನುಷ್ಯ ಹೂವಾಯ್ತಾನೆ ಬುದ್ಧಿ. ಸುಳ್ಳು ಹೇಳಕ್ಕೆ ಇದೇನು ಸಂತೆ ತಕ್ಕಡಿಯಾ?"

ಅನಂತರಾಜುವಿನ ಒಳಗೆ ದೊಡ್ಡ ಜಗಳವೇ ಆಯಿತು. ಕಣ್ಣು ನೂರು ಎನ್ನುತ್ತಿತ್ತು, ಭಕ್ತಿ ಐವತ್ತೆಂಟು ಎನ್ನುತ್ತಿತ್ತು. ದೇವರ ತಕ್ಕಡಿಯನ್ನು ಅನುಮಾನಿಸಿದರೆ ಪಾಪ, ಮಾಲೀಕರ ಹರಕೆಯನ್ನು ಅನುಮಾನಿಸಿದರೆ ರಾತ್ರಿ ಪಾಳಿ. ದಪ್ಪಗಿರುವವರೆಲ್ಲ ಭಾರವಾಗಿಯೇ ಇರಬೇಕೆಂದು ಎಲ್ಲಿದೆ? ಹತ್ತಿಯ ಮೂಟೆಯೂ ದೊಡ್ಡದೇ. ಅಲ್ಲಿಂದ ಕುಣಿಗಲ್‌ಗೆ ಹೋಗುವ ದಾರಿಯಲ್ಲಿ, ಹೆಬ್ಬೂರಿನಲ್ಲಿ ಜೀಪು ಕಾಫಿಗೆ ನಿಂತಾಗ, ಅವನು ಮಾನಸಾಗೆ ಫೋನು ಮಾಡಿ, "ಐವತ್ತೆಂಟು, ಬಲಗಾಲು" ಎಂದು ಹೇಳಿ ಮುಗಿಸಿದ. ಜುಂಜಪ್ಪ ಕಾಫಿ ಕುಡಿಯುವುದನ್ನು ನಿಲ್ಲಿಸಿ, ಏನೋ ಹೇಳಲು ಬಾಯಿ ತೆರೆದು, ಬನ್ನು ಕಚ್ಚಿ ಮುಚ್ಚಿದ.

ಕೆರೆಯ ದಡದಲ್ಲಿ ಶಾಮಿಯಾನ ಹಾಕಿದ್ದರು. ರಂಗಲಕ್ಷ್ಮಮ್ಮ ಕುರ್ಚಿಯಲ್ಲಿ ಕೂತಿದ್ದರು. ಮಾನಸಾ ತಂದಿದ್ದ ಹಲಗೆ ತೆಳ್ಳಗೆ, ಚೂಪು ಮೂತಿಯದಾಗಿ, ದೊಡ್ಡ ಹಾಗಲಕಾಯಿಯನ್ನು ಸೀಳಿಟ್ಟಂತಿತ್ತು. ರಂಗಲಕ್ಷ್ಮಮ್ಮ ಅದಕ್ಕೆ ಅರಿಸಿನ ಕುಂಕುಮ ಇಡಿಸಿ, ಹಾರ ಹಾಕಿಸಿ, ವಾಹನ ಅಂದಮೇಲೆ ಬಿಡುವುದುಂಟೇ ಎಂದು ಅದರ ಕೆಳಗೊಂದು ನಿಂಬೆಹಣ್ಣು ಇಡಿಸಿದರು. ತೆಂಗಿನಕಾಯಿಯನ್ನು ಅದರ ಮೂತಿಗೇ ಹೊಡೆಯಲು ಹೋದಾಗ ಮಾನಸಾ ಕಿರುಚಿಕೊಂಡು ಅಡ್ಡ ಬಂದಳು.

ಲಕ್ಷ್ಮೀಕಾಂತರು ಕಿತ್ತಳೆ ಬಣ್ಣದ ತೇಲು ಜಾಕೆಟ್ಟು ತೊಟ್ಟು, ನೀರಿನಲ್ಲಿ ಅಂಗಾತ ಮಲಗಿ, ಹಲಗೆಯ ಮೇಲೆ ಕಾಲಿಟ್ಟು ಹಗ್ಗ ಹಿಡಿದರು. ದೋಣಿ ಎಳೆಯಿತು. ಅವರು ಏಳಲು ನೋಡಿದರು. ಒತ್ತಿದ ನೇರಳೆ ಹಣ್ಣಿನಿಂದ ಬೀಜ ಚಿಮ್ಮುವಂತೆ ಹಲಗೆ ಅವರ ಕಾಲಡಿಯಿಂದ ಚಿಮ್ಮಿ ಹೋಯಿತು. ಮಾಲೀಕರು ಕೂತ ಭಂಗಿಯಲ್ಲೇ ನೀರೊಳಗೆ ಹೋದರು. ಇನ್ನೊಮ್ಮೆಯೂ ಹಾಗೆಯೇ ಆಯಿತು. ಮತ್ತೊಮ್ಮೆ ಹಲಗೆಯೂ ಅವರೊಂದಿಗೆ ಮುಳುಗಿತು.

ದಡಕ್ಕೆ ಬಂದ ಅವರ ಕಿವಿಯಿಂದ ನೀರು ಸುರಿಯುತ್ತಿತ್ತು.

"ಸರ್, ನಿಮ್ಮ ತೂಕಕ್ಕೆ ಇದರ ಎರಡರಷ್ಟು ಬೋರ್ಡ್ ಬೇಕಿತ್ತು!" ಎಂದಳು ಮಾನಸಾ. "ಇವರು ಐವತ್ತೆಂಟು ಅಂದ್ರು."

"ಐವತ್ತೆಂಟಾ?" ಲಕ್ಷ್ಮೀಕಾಂತರು ಗುಡುಗಿದರು. "ಯಾವನ್ರೀ ನಿಮಗೆ ಹೇಳಿದ್ದು ಐವತ್ತೆಂಟು ಅಂತ?"

"ಅದೂ... ಸಾರ್, ಗುಬ್ಬಿ..."

ಗುಬ್ಬಿ ಎಂಬ ಶಬ್ದ ಬಿದ್ದದ್ದೇ ತಡ, ಲಕ್ಷ್ಮೀಕಾಂತರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಅವರ ಕಣ್ಣು ಮೊದಲು ತಾಯಿಯತ್ತ, ಆಮೇಲೆ ಅನಂತರಾಜುವಿನತ್ತ ಹೊರಳಿತು. ಅಂಥ ದೈನ್ಯವನ್ನು ಅನಂತರಾಜು ಆ ಮುಖದಲ್ಲಿ ಎಂದೂ ಕಂಡಿರಲಿಲ್ಲ.

"ಗುಬ್ಬೀಲಿ ಏನಪ್ಪಾ?" ಎಂದರು ರಂಗಲಕ್ಷ್ಮಮ್ಮ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ. "ನನ್ ಹರಕೆ ವಿಷ್ಯನಾ?"

ಅನಂತರಾಜುವಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಶಲ್ಯ, ಪೊರೆ ಬಂದ ಕಣ್ಣು, ಎರಡೇ ಚೀಲ ಕೊಬ್ಬರಿ. ತಕ್ಕಡಿಯಲ್ಲಿ ಕೂತಿದ್ದವರು ಇವರಲ್ಲ! ಈಗ ನಿಜ ಹೇಳಿದರೆ ಮುದುಕಮ್ಮನ ಎದೆ ಒಡೆಯುತ್ತದೆ, ಸೋಮವಾರದಿಂದ ತನಗೆ ರಾತ್ರಿ ಪಾಳಿಯೂ ಸಿಗಲಾರದು. ಅವನು ಜೀವನದಲ್ಲಿ ಮೊದಲ ಸಲ ವಿಚಾರಿಸದೆ ಒಂದು ಮಾತಾಡಿದ.

"ಏನಿಲ್ಲಮ್ಮ, ಗುಬ್ಬೀಲಿ ಊಟಕ್ಕೆ ನಿಂತಿದ್ವಿ. ಐವತ್ತೆಂಟು ನನ್ನ ತೂಕ. ಗಡಿಬಿಡೀಲಿ ನನ್ನದೇ ಹೇಳ್ಬಿಟ್ಟೆ."

ಲಕ್ಷ್ಮೀಕಾಂತರ ಮುಖಕ್ಕೆ ಜೀವ ಬಂತು. ಅನಂತರಾಜುವಿನ ಹೆಗಲ ಮೇಲೆ ಒದ್ದೆ ಕೈ ಹಾಕಿದರು.

"ಅಯ್ಯೋ, ಅದನ್ಯಾಕ್ರೀ ಮುಚ್ಚುಮರೆ ಮಾಡ್ತೀರಾ? ಆಸೆ ಇದೆ ಅಂತ ಬಾಯ್ಬಿಟ್ಟು ಹೇಳಬಾರ್ದಾ? ಅಮ್ಮಾ, ಹಲಗೆ ಇವರ ಅಳತೆಗೇ ತರಿಸವ್ರೆ. ದಂಡ ಆಗೋದು ಬೇಡ. ಕೊಡ್ರೀ ಇವರಿಗೊಂದು ಜಾಕೆಟ್ಟು!"

"ಸಾರ್, ನಂಗೆ ನೀರು..."

"ಬಲಗಾಲಿಟ್ಟು ಹೋಗಪ್ಪಾ, ಒಳ್ಳೇದಾಯ್ತದೆ" ಎಂದು ರಂಗಲಕ್ಷ್ಮಮ್ಮ ಹರಸಿದರು.

ಅನಂತರಾಜು ಎಡಚ. ಬಲಗಾಲು ಮುಂದಿಟ್ಟು ಎದ್ದಾಗಲೆಲ್ಲ ಬಿದ್ದ. ಎದೆಯ ಮೇಲೂ ಬಿದ್ದ, ಬೆನ್ನ ಮೇಲೂ ಬಿದ್ದ, ಒಮ್ಮೆ ಹಗ್ಗ ಬಿಡುವುದನ್ನೇ ಮರೆತು ಕೆರೆಯ ಅರ್ಧವನ್ನು ಮುಖದಿಂದಲೇ ಉತ್ತ. ಕೊನೆಗೆ ಹೆದರಿಕೆಯಲ್ಲಿ ಕಾಲು ಅದಲುಬದಲಾಗಿ, ಎಡಗಾಲು ಮುಂದೆ ಬಂದು, ಒಂದು ನಿಮಿಷದಷ್ಟು ಹೊತ್ತು ಅಲೆಯ ಮೇಲೆ ನೆಟ್ಟಗೆ ನಿಂತುಬಿಟ್ಟ. ದಡದಲ್ಲಿ ಚಪ್ಪಾಳೆ ಬಿತ್ತು. ನಿಂತಿದ್ದು ತಪ್ಪಾಯಿತೆಂದು ತಿಳಿದದ್ದು ಆಮೇಲೆ.

"ನಿಂತ್ಬಿಟ್ರಲ್ರೀ!" ಎಂದರು ಲಕ್ಷ್ಮೀಕಾಂತರು. "ಇನ್ಮೇಲೆ ಪ್ರತಿ ಭಾನುವಾರ ರೆಸಾರ್ಟಿಗೆ ಬರೋರಿಗೆ ನೀವೇ ಆಡಿ ತೋರಿಸ್ಬೇಕು. ಹಲಗೆ ಹೆಂಗೂ ಬೇರೆ ಯಾರಿಗೂ ಆಗಲ್ಲ."

ಟವೆಲು ಹೊದ್ದು ಜೀಪಿನಲ್ಲಿ ನಡುಗುತ್ತ ಕೂತ ಅನಂತರಾಜುವಿಗೆ ಜುಂಜಪ್ಪ ಬಿಸಿ ಟೀ ತಂದುಕೊಟ್ಟ. ಸುತ್ತ ನೋಡಿ, ಮೆಲ್ಲಗೆ ಹೇಳಿದ.

"ಅವತ್ತು ಶಲ್ಯ ಹೊದ್ದು ತಕ್ಕಡೀಲಿ ಕೂತಿದ್ದು ನಾನೇ ಸಾ."

ಅನಂತರಾಜು ಟೀ ಲೋಟ ಕೆಳಗಿಟ್ಟ. "ಬೆಳಗ್ಗೆಯಿಂದ ಜೊತೇಲೇ ಇದೀಯಲ್ಲೋ! ಒಂದು ಮಾತು ಹೇಳಕ್ಕೇನಾಗಿತ್ತು?"

"ಹೇಳಣ ಅಂತ್ಲೇ ಹೆಬ್ಬೂರಲ್ಲಿ ಬಾಯಿ ತೆರೆದೆ" ಎಂದ ಜುಂಜಪ್ಪ, ಹಿಂದಿನ ಸೀಟಿನಲ್ಲಿ ಹಾರ ಹಾಕಿಸಿಕೊಂಡು ಮಲಗಿದ್ದ ಹಲಗೆಯತ್ತ ಒಮ್ಮೆ ನೋಡಿ. "ಆದ್ರೆ ನೀವು ಫೋನಲ್ಲಿ ಹೇಳಾಗಿತ್ತು. ಹಲಗೆ ಐವತ್ತೆಂಟಕ್ಕೆ ಬರ್ತದೆ ಅಂತ ಗೊತ್ತಾಯ್ತು. ಐವತ್ತೆಂಟು ಇರೋರು ನಾವಿಬ್ರೇ ಅಲ್ವಾ ಸಾ. ಅದು ನನ್ ತೂಕ ಅಂತ ಬಾಯ್ಬಿಟ್ಟಿದ್ರೆ ನನ್ನೇ ಅದ್ರ ಮೇಲೆ ನಿಲ್ಲಿಸ್ತಿದ್ರು. ನಂಗೂ ಈಜು ಬರಲ್ಲ."