ಎರಡು ಬೆರಳು ಎತ್ತರ

ಏ, ಹೊಸದುರ್ಗದ ಬಸ್ಸಿಗೆ ಓಡ್ತಿರೋರೇ, ಒಂಚೂರು ನಿಂತ್ಕಳ್ರಿ! ಬಸ್ಸು ಹೋದ್ರೆ ಇನ್ನೊಂದು ಬರ್ತದೆ. ನಮ್ಮ ಜಂಪಣ್ಣ ಬಿದ್ದ ಕಥೆ ಮತ್ತೆ ಸಿಗಲ್ಲ.

ಹೊಳಲ್ಕೆರೆಯ ಜಂಪಣ್ಣನ ಮನೆಯ ಪಡಸಾಲೆಗೆ ಅಜ್ಜನ ಕಾಲದ ಚಪ್ಪಡಿ ಕಲ್ಲು. ಅದನ್ನು ದಾಟಿದರೆ ನಡುಮನೆ. ಅಲ್ಲಿ ಹೋದ ವರ್ಷ ಟೈಲ್ಸ್ ಹಾಕಿಸಿದ್ದ. ಎಂಥ ಟೈಲ್ಸ್ ಅಂತೀರಿ, ಬಗ್ಗಿ ನೋಡಿಕೊಂಡು ಮೀಸೆ ತಿದ್ದಬಹುದು! ಆದರೆ ಹಳೆಯ ನೆಲ ಅಗೆಯದೆ ಅದರ ಮೇಲೇ ಟೈಲ್ಸ್ ಕೂರಿಸಿದ್ದರಿಂದ ನಡುಮನೆ ಪಡಸಾಲೆಗಿಂತ ಎರಡು ಬೆರಳು ಎತ್ತರವಾಯಿತು. (ಅಗೆಯುವ ಕೂಲಿ ಉಳಿಸೋಕೆ ಮಾಡಿದ್ದು ಎಂಬುದು ಹೆಂಡತಿ ನಿಂಗಕ್ಕನ ಸಂಶೋಧನೆ. ಜಂಪಣ್ಣ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.)

ಎರಡು ಬೆರಳು ಏನು ಮಹಾ ಅನ್ನಬೇಡಿ. ದುರ್ಗದ ಬೆಟ್ಟ ಎಡವಿ ಬಿದ್ದವರು ಯಾರೂ ಇಲ್ಲ. ಬಿದ್ದವರೆಲ್ಲ ಬಿದ್ದಿರುವುದು ಇಂಥ ಎರಡು ಬೆರಳಿಗೇ.

ಮೊದಲ ಬಲಿ ಜಂಪಣ್ಣನ ಅಕ್ಕ ಹುಚ್ಚಕ್ಕ. ಟೈಲ್ಸ್ ನೋಡಲೆಂದು ಹೊಸದುರ್ಗದಿಂದ ಹೋಳಿಗೆ ಡಬ್ಬಿ ಹಿಡಿದು ಬಂದವಳು ಅದನ್ನೇ ಎಡವಿದಳು. ಡಬ್ಬಿ ಒಂದು ದಿಕ್ಕು, ಅಕ್ಕ ಒಂದು ದಿಕ್ಕು. ಜಂಪಣ್ಣ ಓಡಿಹೋಗಿ ಎತ್ತಬೇಕಿತ್ತು. ಅದರ ಬದಲು, "ಕೆಳಗೆ ನೋಡ್ಕಂಡು ನಡೀಬಾರ್ದೇನಕ್ಕ?" ಅಂದುಬಿಟ್ಟ.

"ತವರು ಮನೆಯಾಗೆ ನೆಲ ನೋಡ್ಕಂಡು ನಡೀಬೇಕೇನೋ ನಾನು? ನಾನು ಬರಬಾರ್ದು ಅಂತಾನೇ ಅಡ್ಡ ಕಟ್ಟೆ ಕಟ್ಸಿದೀಯ! ಅಪ್ಪನ ನೆಲಾನೂ ಕಿತ್ ಬಿಸಾಕ್ದೆ! ಕಾಲಿಗೆ ಬಿದ್ದು ತಪ್ಪಾತು ಅನ್ನೋತಂಕ ಈ ಮನೆ ಒಳಗೆ ಕಾಲಿಡಲ್ಲ!"

"ಬಿದ್ದೋಳು ನೀನು. ತಪ್ಪಾತು ಅನ್ನೋನು ನಾನಾ?" ಎಂದು ಜಂಪಣ್ಣನೂ ಬಿಗಿದುಕೊಂಡ. ಅಲ್ಲಿಗೆ ಮಾತು ನಿಂತಿತು.

ಕಾಲುಗಳು ಮಾತ್ರ ಪಾಠ ಕಲಿತವು. ನಿಂಗಕ್ಕ ಅಲ್ಲಿಗೆ ಬಂದರೆ ಸೀರೆ ನೆರಿಗೆ ಹಿಡಿದು ಹಳ್ಳ ದಾಟಿದಂತೆ ದಾಟುವಳು. ಜಂಪಣ್ಣ ಟಗರಿನ ಮರಿಯಂತೆ ಟಣ್ಣನೆ ಒಂದು ನೆಗೆತ ನೆಗೆಯುವನು. ನೋಡಬೇಕಿಲ್ಲ, ಯೋಚಿಸಬೇಕಿಲ್ಲ; ಕಾಲು ತಾನೇ ನೆಗೆಯುತ್ತಿತ್ತು.

ಈಗ ಬಸುರಿ ಮಗಳು ಸುಮಾಗೆ ಬಳೆ ತೊಡಿಸುವ ಶಾಸ್ತ್ರ ಬಂತು. "ಅತ್ತೆ ಬರ್ದಿದ್ರೆ ನಾನು ಬಳೆಗೆ ಕೈ ಚಾಚಲ್ಲ," ಎಂದು ಸುಮಾ ಹಟ ಹಿಡಿದಳು. ಹುಚ್ಚಕ್ಕನಿಂದ ಫೋನಿನಲ್ಲಿ ತೀರ್ಪು ಬಂತು: "ಬರ್ತೀನಿ. ಆದ್ರೆ ಪಡಸಾಲೆ ತಂಕ. ಆ ಕಟ್ಟೆ ದಾಟಲ್ಲ."

ಜಂಪಣ್ಣನ ತಲೆಯಲ್ಲಿ ಮಿಂಚು ಹೊಳೆಯಿತು. "ಕಟ್ಟೇನೇ ಇಲ್ದಿದ್ರೆ ದಾಟಲ್ಲ ಅನ್ನೋದು ಹೆಂಗೆ?"

ಮಾರನೆಯ ದಿನವೇ ಟೈಲ್ಸ್ ಕೆಲಸದ ದುರುಗೇಶ ಬಂದು, ಎತ್ತರಕ್ಕೂ ತಗ್ಗಿಗೂ ನಡುವೆ ಗ್ರಾನೈಟಿನ ಇಳಿಜಾರು ಪಟ್ಟಿ ಕೂರಿಸಿದ. ನುಣ್ಣಗೆ, ಕಪ್ಪಗೆ, ಗೋಲಿ ಬಿಟ್ಟರೆ ತಾನೇ ಉರುಳಿ ಹೋಗುವಂತೆ. ಅಕ್ಕ ತಮ್ಮಂದಿರ ನಡುವಿನ ಕಂದಕವನ್ನು ಕಾಲಿಗೆ ಬೀಳದೆಯೇ ಮುಚ್ಚಿಸಿದ ಮಹಾನ್ ಶಿಲ್ಪಿಯಂತೆ ಜಂಪಣ್ಣ ಸೊಂಟದ ಮೇಲೆ ಕೈ ಇಟ್ಟು ನಿಂತ.

ಅವತ್ತು ಸಂಜೆಯೇ ನಿಂಗಕ್ಕ ಇಲ್ಲದ ಹಳ್ಳ ದಾಟಲು ಹೋಗಿ ಮುಗ್ಗರಿಸಿದಳು. "ರೀ, ಕಟ್ಟೆ ಹೋತು, ಕಾಲಿಗಿನ್ನೂ ಗೊತ್ತಾಗಿಲ್ಲ. ನೀವೂ ಹುಷಾರು."

"ನನ್ನ ಕಾಲು ನಾನು ಹೇಳ್ದಂಗೆ ಕೇಳ್ತವೆ."

"ಮನೆಯಾಗೆ ಅವಾದ್ರೂ ಕೇಳ್ಲಿ ಬಿಡ್ರಿ."

ಶಾಸ್ತ್ರದ ದಿನ ಹುಚ್ಚಕ್ಕ ಬಂದಳು. ಬಂದವಳೇ ಪಡಸಾಲೆಯ ಚಪ್ಪಡಿಯ ಮೇಲೆ ಕಂಬಕ್ಕೆ ಒರಗಿ ಕೂತಳು. ಕಪ್ಪು ಪಟ್ಟಿಯನ್ನು ಒಮ್ಮೆ ನೋಡಿ ಮುಖ ತಿರುಗಿಸಿದಳು. "ಒಳಕ್ಕೆ ಬರ್ರಿ ಅತ್ತಿಗೆ," ಎಂದು ನಿಂಗಕ್ಕ ಕರೆದಳು. "ನೀರು ಇಲ್ಲಿಗೇ ತರ್ಸು," ಅಂದಳು ಹುಚ್ಚಕ್ಕ.

ಒಳಗಿದ್ದ ಜಂಪಣ್ಣ ಕೈಕಾಲು ತೊಳೆದು, ಚೊಂಬು ತುಂಬಿ ಹೊರಟ. ಪಟ್ಟಿಯ ಹತ್ತಿರ ಬಂದದ್ದೇ ತಡ, ಕಾಲು ತನ್ನ ವರ್ಷದ ಅಭ್ಯಾಸದಂತೆ ಟಣ್ಣನೆ ನೆಗೆಯಿತು. ಒದ್ದೆ ಪಾದ ಇಳಿಜಾರಿನ ಮೇಲೆ ಇಳಿಯಿತು. ಮುಂದಿನ ಕೆಲಸವನ್ನೆಲ್ಲ ದುರುಗೇಶನ ಪಟ್ಟಿಯೇ ನೋಡಿಕೊಂಡಿತು. ಸುಯ್ಯನೆ ಜಾರಿ, ಚೊಂಬು ಗಡಗಡ ಉರುಳಿ, ಜಂಪಣ್ಣ ಉದ್ದಕ್ಕೆ ದಿಂಡಿನ ಹಾಗೆ ಬಿದ್ದ. ಹಣೆ ಸರಿಯಾಗಿ ಅಕ್ಕನ ಪಾದದ ಮೇಲೆ.

ಶಾಸ್ತ್ರಕ್ಕೆ ಬಂದಿದ್ದ ನೆಂಟರೆಲ್ಲ ಎದ್ದು ನಿಂತರು.

"ಅಯ್ಯೋ ನನ್ನಪ್ಪನೇ! ನಾನೇನೋ ಸಿಟ್ಟಿನಾಗೆ ಅಂದಿದ್ದೆ, ನೀನು ಇಷ್ಟು ಜನದ ಮುಂದೆ ಬಿದ್ದೇ ಬಿಟ್ಯಲ್ಲೋ!" ಹುಚ್ಚಕ್ಕ ಅಳುತ್ತಾ ತಮ್ಮನನ್ನು ಎತ್ತಿದಳು. ಮೊಣಕಾಲು ತರಚಿದ್ದ ಜಂಪಣ್ಣನ ಕಣ್ಣಲ್ಲೂ ನೀರಿತ್ತು. ಅದನ್ನು ನೋಡಿ ಅವಳು ಇನ್ನೂ ಅತ್ತಳು.

ನಿಂಗಕ್ಕ ಗಂಡನ ಕಿವಿಯಲ್ಲಿ ಉಸುರಿದಳು: "ನಿಜ ಹೇಳ್ಬಿಡ್ಲಾ?"

"ಬಾಯಿ ಮುಚ್ಚೇ!"

ಹುಚ್ಚಕ್ಕ ತಮ್ಮನ ಕೈ ಹಿಡಿದು, ಎಡವದೆ, ಜಾರದೆ, ನಡುಮನೆಗೆ ನಡೆದುಬಂದಳು. ಒಳಗೆ ನಿಂತು ಟೈಲ್ಸ್ ನೋಡಿದಳು. "ಎಲ್ಲ ಸರಿ. ಅಪ್ಪನ ಕೆಂಪು ನೆಲ ಒಂದು ಇರ್ಬೇಕಿತ್ತು ಕಣೋ. ನೀನೂ ನಾನೂ ತೆಂಗಿನ ನಾರು ಹಿಡ್ದು ಉಜ್ಜಿದ್ವಲ್ಲ."

"ಐತಕ್ಕ."

"ಎಲ್ಲಿ?"

"ಇದ್ರ ಕೆಳಗೇ. ದುರುಗೇಶ ಹಾರೆ ಎತ್ತಿದ್ದ. ನನಗೇ ಮನಸು ಬರ್ಲಿಲ್ಲ, ಬೇಡ ಅಂದೆ. ಅದಕ್ಕೇ ಎರಡು ಬೆರಳು ಎತ್ತರಾತು."

ನಿಂಗಕ್ಕ ಗಂಡನ ಮುಖ ನೋಡಿದಳು. ಅವಳ ಸಂಶೋಧನೆ ಅಲ್ಲೇ ಬಿದ್ದುಹೋಯಿತು. ಹುಚ್ಚಕ್ಕ ಮೆಲ್ಲಗೆ ನೆಲಕ್ಕೆ ಕೂತು ಟೈಲ್ಸಿನ ಮೇಲೆ ಅಂಗೈ ಇಟ್ಟಳು, ಮಲಗಿದ ಮಗುವನ್ನು ಮುಟ್ಟುವಂತೆ. "ಇದನ್ನ ಅವತ್ತೇ ಹೇಳಾಕೆ ನಿನಗೇನೋ ರೋಗ ಬಂದಿತ್ತು?"

ಬಳೆ ಆಯಿತು, ಊಟ ಆಯಿತು. ಸಂಜೆ ಬಸ್ಸಿಗೆ ಹೊರಟ ಹುಚ್ಚಕ್ಕ ಪಡಸಾಲೆಯಲ್ಲಿ ನಿಂತು ಕೂಗಿದಳು: "ಸುಮಾ, ನಿಮ್ಮಪ್ಪ ಕಾಲಿಗೆ ಬಿದ್ದಿದ್ದು ಫೋಟೋ ಹೊಡ್ಕಂಡ್ಯೇನೇ? ನಮ್ಮನೇಲಿ ನಿಮ್ಮ ಮಾವ ನಂಬಲ್ಲ."

"ಎಲ್ಲತ್ತೆ, ಕಣ್ಣು ಮುಚ್ಚಿ ತೆಗೆಯೋದ್ರಾಗೆ ಬಿದ್ದಿದ್ದ!"

"ಹಂಗಾರೆ ಇನ್ನೊಂದ್ಸಲ ಬೀಳೋ ಜಂಪಾ."

ನೆಂಟರೆಲ್ಲ ನಕ್ಕರು. ನಿಂಗಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಜಂಪಣ್ಣ ನಗಲಿಲ್ಲ. ನಡುಮನೆಯಿಂದ ಹೊರಟವನು ಪಟ್ಟಿಯ ಹತ್ತಿರ ನಿಂತು, ನೆಗೆಯಲು ಎದ್ದ ಕಾಲನ್ನು ಗದರಿಸಿ ಇಳಿಸಿದ. ಒಂದೊಂದೇ ಹೆಜ್ಜೆ ಊರಿ ಇಳಿಜಾರು ಇಳಿದ. ತರಚಿದ ಮೊಣಕಾಲನ್ನು ಚಪ್ಪಡಿಗೆ ಊರಿ, ಅಕ್ಕನ ಪಾದಕ್ಕೆ ಹಣೆ ಹಚ್ಚಿದ. ಸುಮಾ ಫೋಟೋ ಹೊಡೆದು ಮುಗಿಸಿದ ಮೇಲೂ ಬೇಗ ಏಳಲಿಲ್ಲ.