ಭೇದಭಾವದ ತಪಾಸಣೆ

"ಮಧ್ಯಾಹ್ನ ಬರ್ತೇನ್ರಿ. ಭೇದಭಾವದ ತಪಾಸಣಿ ಐತಿ," ಎಂದಳು ಬೆಳಗಾವಿಯ ಆಡಿಟರ್ ಸುಜಾತಾ. ಎಂಥ ಭೇದ ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು.

ಗೋಕಾಕದ ಆ ಕರದಂಟಿನ ಕಾರಖಾನೆಯಲ್ಲಿ ಈಶ್ವರ ಲೆಕ್ಕ ಬರೆಯುವವ. ಅವನ ಕಣ್ಣು ನೆಟ್ಟಗೆ ಕಿಟಕಿಗೆ ಹೋಯಿತು. ಅಲ್ಲಿ, ಕೆಳಗಿನ ಕೇರಿಯಿಂದ ಕೆಲಸಕ್ಕೆ ಬರುವ ಉದ್ದವ್ವನ ಚಹಾದ ಗ್ಲಾಸು ಉಳಿದವರ ಗ್ಲಾಸುಗಳಿಂದ ದೂರ, ಒಂಟಿಯಾಗಿ ಕೂತಿತ್ತು. ಅದನ್ನು ಅಲ್ಲಿ ಇಟ್ಟವರು ಯಾರೆಂದು ಯಾರೂ ಹೇಳುತ್ತಿರಲಿಲ್ಲ. ತೆಗೆದವರೂ ಇರಲಿಲ್ಲ.

ಈಶ್ವರನ ನಿವೃತ್ತಿ ಹತ್ತಿರ ಬಂದಿತ್ತು. ಮಾಲಕ ಮಾಲಿಂಗಪ್ಪ ಸಾವ್ಕಾರ ನಿವೃತ್ತಿ ನಿಧಿಗೆ ಅವನ ಪಗಾರದ ಮೇಲೆ ನೂರಕ್ಕೆ ಹನ್ನೆರಡು ಹಾಕುತ್ತಿದ್ದ. ಕೆಲಸದ ಹೆಂಗಸರಿಗೆ ನಾಲ್ಕು. ತಪಾಸಣೆಯಲ್ಲಿ ಹೆಸರು ಕೆಟ್ಟರೆ ಸಾವ್ಕಾರ ಮೊದಲು ಮುಚ್ಚುವುದು ಆ ನಿಧಿಯನ್ನೇ.

"ಉದ್ದವ್ವಾ, ಇವತ್ತ ನಿನ್ನ ಗ್ಲಾಸ ಎಲ್ಲಾರ ಗ್ಲಾಸಿನ ಜೋಡಿ ಇಡವಾ."

"ಯಾಕ್ರಿ, ಅದಕ್ಕ ಬಡ್ತಿ ಬಂತೇನ?"

ಬೆಲ್ಲದ ಪಾಕ ಹಿಡಿಯುವ ಅಕ್ಕವ್ವ ಸೌಟು ಕೆಳಗಿಟ್ಟಳು. "ಹಂಗಾದ್ರ ನನಗ ಚಾ ಬ್ಯಾಡ. ಉಪಾಸ ಐತಿ."

"ಯಾವಾಗಿಂದ?"

"ಈಗ ಹಿಡದೇನಿ."

ಸುದ್ದಿ ಕೇಳಿ ಸಾವ್ಕಾರ ತಾನೂ ಹೆಂಗಸರ ಸಾಲಿನಲ್ಲಿ ಉತ್ತತ್ತಿ ಬಿಡಿಸಲು ನೆಲಕ್ಕೆ ಕೂತ. ಕೂರಿಸಲು ಇಬ್ಬರು ಬೇಕಾದರು. ಬೀಜ ಬುಟ್ಟಿಗೆ, ಉತ್ತತ್ತಿ ಬಾಯಿಗೆ ಹೋಗತೊಡಗಿತು. ಈಶ್ವರ ಗ್ಲಾಸುಗಳನ್ನೆಲ್ಲ ಇಸ್ಪೀಟಿನ ಎಲೆಗಳಂತೆ ಕಲಸಿಬಿಟ್ಟ. ಉದ್ದವ್ವನದು ಯಾವುದೆಂದು ಅಕ್ಕವ್ವ ಒಂದೊಂದನ್ನೂ ಎತ್ತಿ, ಸೊಸೆ ಹುಡುಕುವವಳಂತೆ ಹಿಂದೆ ಮುಂದೆ ನೋಡಿ ಕೆಳಗಿಟ್ಟಳು.

ಸುಜಾತಾ ಒಳಗೆ ಕಾಲಿಟ್ಟ ಕೂಡಲೇ ಈಶ್ವರ ಅವಳ ಕೈಗೆ ಚಹಾ ತುರುಕಿದ. "ನೋಡ್ರಿ ಮೇಡಂ, ನಮ್ಮಲ್ಲಿ ಎಲ್ಲಾರಿಗೂ ಒಂದ ಗ್ಲಾಸ."

"ಒಂದ ಗ್ಲಾಸಿನ್ಯಾಗ ಎಲ್ಲಾರೂ ಕುಡೀತೀರೇನ್ರಿ?" ಎಂದು ಅವಳು ಮೆಲ್ಲಗೆ ಗ್ಲಾಸು ಕೆಳಗಿಟ್ಟಳು.

ಈಶ್ವರ ಕಿಟಕಿಯ ಗ್ಲಾಸಿನ ಕಥೆಯನ್ನೆಲ್ಲ ವಿವರಿಸಿದ. ಅವಳು ಕಿಟಕಿಯನ್ನೊಮ್ಮೆ ನೋಡಿದಳು.

"ಅದನ್ನೂ ಯಾರರ ತಪಾಸಣಿ ಮಾಡಬೇಕ್ರಿ. ನನ್ನ ಕೆಲಸ ಬ್ಯಾರೆ ಐತಿ. ನಿವೃತ್ತಿ ನಿಧಿಗೆ ಸಾವ್ಕಾರ್ರು ರೊಕ್ಕ ಹಾಕ್ತಾರಲ್ಲ, ದೊಡ್ಡ ಪಗಾರದವ್ರಿಗೆ ಹೆಚ್ಚಿನ ದರ, ಸಣ್ಣ ಪಗಾರದವ್ರಿಗೆ ಕಡಿಮಿ ದರ ಮಾಡ್ಯಾರೇನು ಅಂತ ನೋಡಾಕ ಬಂದೇನಿ."

ಈಶ್ವರನಿಗೆ ಜೀವ ಬಂತು. ಅವಳ ಕಿವಿಯ ಹತ್ತಿರ ಬಗ್ಗಿದ. "ಸಾವ್ಕಾರ್ರ ಮಕ್ಕಳನ್ನ ಹಿಡೀರಿ. ತಮಗ ಎಷ್ಟ ಬೇಕೋ ಅಷ್ಟ ಹಾಕ್ಕೊಂತಾರ."

"ಅವ್ರು ಪಾಲುದಾರರು. ಪಗಾರದ ಮಂದಿಯೊಳಗ ಬರಂಗಿಲ್ರಿ."

"ಮತ್ತ ದೊಡ್ಡ ಪಗಾರದವ್ರು ಯಾರ್ರಿ ಇಲ್ಲಿ?"

"ಒಬ್ಬರ ಅದಾರ. ಈಶ್ವರ ಅಂತ."

ಪರೀಕ್ಷೆಯಲ್ಲಿ ಕಾರಖಾನೆ ಫೇಲಾಯಿತು. ಸುಜಾತಾ ಎರಡು ದಾರಿ ಹೇಳಿದಳು: ಹೆಂಗಸರ ದರವನ್ನು ಹನ್ನೆರಡಕ್ಕೆ ಏರಿಸಬೇಕು, ಇಲ್ಲವೇ ಈಶ್ವರನದನ್ನು ಮುಂದಿನ ತಿಂಗಳಿಂದ ನಾಲ್ಕಕ್ಕೆ ಇಳಿಸಬೇಕು.

"ಏರಸ್ರಿ ಸಾವ್ಕಾರ್ರ, ಪುಣ್ಯಾ ಬರ್ತೈತಿ," ಎಂದ ಈಶ್ವರ. ಹೆಂಗಸರ ಪರವಾಗಿ ಅವನು ಬಾಯಿ ತೆರೆದದ್ದು ಅದೇ ಮೊದಲು.

ಸಾವ್ಕಾರ ಬಾಯಿಯಲ್ಲಿದ್ದ ಉತ್ತತ್ತಿ ನುಂಗಿದ. "ನಮ್ಮಲ್ಲಿ ಭೇದಭಾವ ನಡ್ಯಂಗಿಲ್ಲ. ಇಳಸ್ರಿ."

ಉದ್ದವ್ವ ಈಶ್ವರನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಲ್ರಿ ಈಶ್ವರಣ್ಣ, ಇಷ್ಟ ವರ್ಷ ಭೇದ ಮಾಡಿದವ್ರು ನೀವ ಒಬ್ಬರ ಏನ್ರಿ? ನಾವು ಸುಳ್ಳ ಇಡೀ ಊರಿಗೆ ಬೈತಿದ್ವಿ!"