ಡ್ಯೂಕನ ಕ್ಷೌರಕ್ಕೆ ತಡೆಯಾಜ್ಞೆ

ಕ್ರಮಾಂಕ: ನಾ.ಕೂ/ಜಯನಗರ/17/1963–64
ದಿನಾಂಕ: 13ನೇ ಸೆಪ್ಟೆಂಬರ್ 1963

ವಿಷಯ: ಉದ್ದಗೂದಲಿನ ಗಿಡ್ಡನಾಯಿಗಳ ಕ್ಷೌರಶೈಲಿ, ಹಾಗೂ ತತ್ಪರಿಣಾಮವಾಗಿ ಗುಮಾಸ್ತ ಸೋಮಲಿಂಗಪ್ಪನವರ ವರ್ಗಾವಣೆ.

ಉಲ್ಲೇಖ: 1. ಹಿಂದಿನ ಸುತ್ತೋಲೆ (ಹರಿದಿದೆ, ಹರಿದದ್ದು ಡ್ಯೂಕ್).
2. ಅಡುಗೆಮನೆ ಬಾಗಿಲಿನಿಂದ ಬಂದ ಮೌಖಿಕ ಆಕ್ಷೇಪಣೆ.

ಮೇಲಧಿಕಾರಿ ಶ್ರೀ ಬದರಿನಾಥರ ಲಾಸಾ ತಳಿಯ ನಾಯಿ ಡ್ಯೂಕನೇ ತಮ್ಮ ಮನೆಯ ಹೆಣ್ಣುನಾಯಿ ಕೆಂಪಿಯ ಬಸಿರಿಗೆ ಕಾರಣವೆಂದು, ಹಿತ್ತಲ ಗೋಡೆಯಾಚೆಯ ಗುಮಾಸ್ತ ಸೋಮಲಿಂಗಪ್ಪನವರು ಕಾಫಿ ಹೊತ್ತಿನಲ್ಲಿ ಬಾಯಿಬಿಟ್ಟು, ಗೊಟ್ಟಿಗೆರೆ ಕೆರೆಯ ಏರಿ ಕಾಯಲು ವರ್ಗಾವಣೆಗೊಂಡಿರುವುದು ಸಿಬ್ಬಂದಿಗೆ ಗೊತ್ತೇ ಇದೆ. ಅಧಿಕಾರಿಯ ನಾಯಿ ಗುಮಾಸ್ತರ ನಾಯಿಯೊಂದಿಗೆ ಸಂಬಂಧ ಬೆಳೆಸಲು ನಿಯಮಾವಳಿಯಲ್ಲಿ ಅವಕಾಶವಿಲ್ಲವಾದ್ದರಿಂದ, ಹಾಗೆ ನಡೆದೇ ಇಲ್ಲವೆಂದು ತೀರ್ಮಾನಿಸಲಾಗಿತ್ತು. ಬಡಾವಣೆಯ ಶ್ವಾನಪ್ರದರ್ಶನ ಹತ್ತಿರ ಬಂದ ಕಾರಣ ಈ ಕೆಳಗಿನಂತೆ ವಿಧಿಸಲಾಗಿದೆ:

1. ಸಿಂಹದ ಕಟಿಂಗ್ (ಕತ್ತಿಗೆ ಜೂಲು, ಬಾಲಕ್ಕೆ ಕುಚ್ಚು, ನಡುವೆ ಬೋಳು) ಗೆಜೆಟೆಡ್ ಅಧಿಕಾರಿಗಳ ನಾಯಿಗಳಿಗೆ ಮಾತ್ರ. ಗುಮಾಸ್ತರ ನಾಯಿಗಳಿಗೆ ಕಿವಿಮಟ್ಟದ ಕ್ರಾಪು. ಜವಾನರ ನಾಯಿಗಳು ತಲೆ ಬಾಚಿಕೊಂಡರೆ ಸಾಕು.

2. ಮುಖ ಯಾವುದು, ಹಿಂಭಾಗ ಯಾವುದು ತಿಳಿಯದೆ ಜವಾನ ಬೋರಣ್ಣನು ಡ್ಯೂಕನ ಬಾಲಕ್ಕೆ ಬಿಸ್ಕತ್ತು ಹಿಡಿದು ಬಹಳ ಹೊತ್ತು ಕಾದಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಇನ್ನು ಮುಂದೆ ಹಣೆಗೂದಲನ್ನು ಕಡತದ ದಾರದಿಂದ ಎತ್ತಿ ಕಟ್ಟತಕ್ಕದ್ದು. ಕಡತಗಳು ಬಿಚ್ಚಿಹೋದರೆ ಹೋಗಲಿ.

3. ಯಾವ ನಾಯಿಯ ಮೀಸೆಯೂ ಯಜಮಾನರ ಮೇಲಧಿಕಾರಿಯ ಮೀಸೆಗಿಂತ ಸೊಂಪಾಗಿರತಕ್ಕದ್ದಲ್ಲ. ಮೀಸೆಯಿಲ್ಲದ ಮೇಲಧಿಕಾರಿಗಳ ವಿಷಯದಲ್ಲಿ ಸ್ಪಷ್ಟೀಕರಣ ಕೋರಲಾಗಿದೆ.

4. ಹಿಂದಿನ ಸುತ್ತೋಲೆಯಲ್ಲೂ ಇದ್ದ ಒಂದನೇ ನಿಯಮದಂತೆ ಮೊನ್ನೆ ಬುಧವಾರ ಕ್ಷೌರಿಕ ಬೈರಣ್ಣನವರು ಡ್ಯೂಕನನ್ನು ಮಣೆಯ ಮೇಲೆ ನಿಲ್ಲಿಸಿ ಕತ್ತರಿ ಎತ್ತಿದೊಡನೆ, ಅಧಿಕಾರಿಯ ಮಾತೃಶ್ರೀ ಅಕ್ಕಯಮ್ಮನವರು ಅಡ್ಡಬಂದು ನುಡಿದದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಥೂ, ಇಳಿಸಯ್ಯ ಕತ್ತರೀನ! ಹೆಂಡ್ತಿ ಬಸುರಿ ಆಗಿರೋವಾಗ ಗಂಡ ಆದೋನು ಕ್ಷೌರ ಮಾಡಿಸ್ಕೋತಾನೇನೋ? ನೀನು ನನ್ನ ಹೊಟ್ಟೇಲಿದ್ದಾಗ ನಿಮ್ಮಪ್ಪ ಋಷಿ ಥರ ಗಡ್ಡ ಬಿಟ್ಕೊಂಡೇ ಕಚೇರಿಗೆ ಹೋಗ್ತಿರ್ಲಿಲ್ವೇ, ಬದರಿ?”

5. ಡ್ಯೂಕ್ ಅವಿವಾಹಿತನೆಂದು ಅಲ್ಲೇ ನಿಂತು ಲಿಖಿತ ಉತ್ತರ ನೀಡಲಾಯಿತು. “ಗೋಡೆ ಹಾರಿದೋನು ಇವನೇ ಕಣೋ. ತುಳಸಿಕಟ್ಟೆ ಹತ್ರ ಕೂತು ನಾನೇ ಕಣ್ಣಾರೆ ಕಂಡಿದೀನಿ. ಪಾಪ, ಆ ಸೋಮಲಿಂಗಪ್ಪನ್ನ ಊರಾಚೆಗೆ ಅಟ್ಟಿದ್ದೀಯಲ್ಲೋ!” ಎಂದು ಮಾತೃಶ್ರೀಯವರು ಉತ್ತರವನ್ನು ಓದದೆ ಒಲೆಗೆ ಹಾಕಿ, ಒಲೆ ಆರಿಸಿ, ಊಟ ಬಿಟ್ಟಿರುತ್ತಾರೆ.

6. ಕ್ಷೌರವಾದರೆ ತಾಯಿ ಉಪವಾಸ. ಆಗದಿದ್ದರೆ ಡ್ಯೂಕ್ ಗಂಡನೆಂದು ಒಪ್ಪಿದಂತೆ, ಸೋಮಲಿಂಗಪ್ಪ ಹೇಳಿದ್ದು ನಿಜವೆಂದಂತೆ. ಈ ಬಗ್ಗೆ ಇಲಾಖೆಯು ಎರಡು ದಿನ ಹೋಟೆಲಿನ ತಣ್ಣನೆ ಇಡ್ಲಿ ತಿನ್ನುತ್ತಾ ಆಲೋಚಿಸಿದೆ. ಇಡ್ಲಿ ಚೆನ್ನಾಗಿರಲಿಲ್ಲ.

7. ಆದ್ದರಿಂದ ಕೆಂಪಿಯ ಹೆರಿಗೆಯಾಗುವವರೆಗೆ ಡ್ಯೂಕನಿಗೆ ಕತ್ತರಿ ತಾಗಿಸಕೂಡದೆಂದೂ, ಸೋಮಲಿಂಗಪ್ಪನವರ ವರ್ಗಾವಣೆಯನ್ನು ರದ್ದುಪಡಿಸಲಾಗಿದೆಯೆಂದೂ ಈ ಮೂಲಕ ಸೂಚಿಸಲಾಗಿದೆ. ಇದನ್ನು ಕ್ಷಮಾಪಣೆ ಎಂದು ಯಾರೂ ಭಾವಿಸತಕ್ಕದ್ದಲ್ಲ.

ಸಹಿ/-
(ಬದರಿನಾಥ)
ಮೇಲಧಿಕಾರಿ, ಮಾತೃಶ್ರೀಯವರ ಅನುಮೋದನೆಯ ಮೇರೆಗೆ

ಪ್ರತಿಗಳು:
1. ಶ್ರೀಮತಿ ಅಕ್ಕಯಮ್ಮನವರಿಗೆ, ಒಲೆ ಹಚ್ಚಬೇಕೆಂಬ ವಿನಂತಿಯೊಂದಿಗೆ.
2. ಕ್ಷೌರಿಕ ಬೈರಣ್ಣನವರಿಗೆ, ಮಾಹಿತಿಗಾಗಿ. ಮಣೆ ವಾಪಸು ಕೊಡುವುದು.
3. ಶ್ವಾನಪ್ರದರ್ಶನ ಸಮಿತಿಗೆ: ಡ್ಯೂಕ್ ಕೌಟುಂಬಿಕ ಕಾರಣಗಳಿಂದ ಗೈರುಹಾಜರು.
4. ಕೆಂಪಿಗೆ, ಸೋಮಲಿಂಗಪ್ಪನವರ ಹಿತ್ತಲು. ಬಯಕೆಯ ಬನ್ನು ಲಗತ್ತಿಸಿದೆ.
5. ಶ್ರೀ ಸೋಮಲಿಂಗಪ್ಪ, ಗುಮಾಸ್ತರು, ಇವರಿಗೆ. ಮಾತೃಶ್ರೀಯವರ ಅಪ್ಪಣೆಯಂತೆ ಲಕೋಟೆಯ ಮೇಲೆ ‘ಬೀಗರು’ ಎಂದು ಬರೆಯಲಾಗಿದೆ.